ಟಿಲ್ಯಾಂಡ್ಸಿಯಾ ಅಯೊನಾಂಥಾ: ಲೇಬಲ್ ನಂಬಬಹುದಾ? ಮಡಿಕೇರಿ ಮಳೆಯಲ್ಲಿ ಹೇಗೆ ಉಳಿಸೋದು?

ತೋಟದಬದಿ

ಎಲ್ಲರಿಗೂ ನಮಸ್ಕಾರ. ಆನ್‌ಲೈನ್‌ನಲ್ಲಿ ತರಿಸಿದ ಅಯೊನಾಂಥಾ (ಮಣ್ಣಿಲ್ಲದೆ ಬೆಳೆಯುವ ಏರ್ ಪ್ಲಾಂಟ್) ಗಿಡ ಆರು ಇವೆ. ಲೇಬಲ್ ಪ್ರಕಾರ ಮೆಕ್ಸಿಕೋ, ಗ್ವಾಟೆಮಾಲಾ, ಫ್ಯೂಗೊ, ಡ್ರೂಯಿಡ್, ವ್ಯಾನ್‌ಹೈನಿಂಗಿ, ಸ್ಕಾಪೋಸಾ. ಮೊದಲ ನಾಲ್ಕು ಪಕ್ಕಪಕ್ಕ ಇಟ್ಟರೆ ಯಾವುದು ಯಾವುದೆಂದು ಹೇಳೋಕೆ ಆಗಲ್ಲ, ಎಲ್ಲವೂ ಬೆರಳುದ್ದದ ಬೂದು ಬಣ್ಣದ ಮುಳ್ಳುಹಂದಿ ಮರಿಗಳು.

ಕೇಳಬೇಕಾದ್ದು ಇಷ್ಟು. ಇವುಗಳಲ್ಲಿ ಕಾಡಿನಲ್ಲಿ ತಾನಾಗಿ ಇರುವ ವೆರೈಟಿ ಯಾವುದು, ಮಾರುವವರು ಇಟ್ಟ ಹೆಸರು ಯಾವುದು? ಹೂ ಬಿಡೋಕೆ ಮೊದಲೇ ಗುರುತಿಸೋಕೆ ಆಗುತ್ತಾ?

ಎರಡನೆಯದು, ಊರು ಮಡಿಕೇರಿ ಪಕ್ಕ. ಜಗಲಿ ಪಡುವಣಕ್ಕಿದೆ. ಗ್ವಾಟೆಮಾಲಾ ಎಂಬ ಗಿಡದ ನಡುವಿನ ಎಲೆ ಹಿಡಿದು ಮೆಲ್ಲಗೆ ಎಳೆದರೆ ಕೈಗೇ ಬರ್ತಿದೆ, ಬುಡ ಕಂದಾಗಿ ಮೆತ್ತಗಾಗಿದೆ. ಇನ್ನೂ ಮುಂಗಾರು ಶುರುವಾಗಿಲ್ಲ, ಬರೀ ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಮತ್ತು ಅದರ ಬೆನ್ನಿಗೆ ಬರುವ ಮಳೆ. ಜುಲೈಯಲ್ಲಿ ಏನು ಗತಿ?

ಮೂರನೆಯದು, ಎರಡು ಗಿಡಗಳನ್ನು ಮನೆ ಪಕ್ಕದ ಸಿಲ್ವರ್ ಓಕ್‌ಗೆ ಕಟ್ಟುವ ಯೋಚನೆ ಇದೆ. ಮನೆಯಲ್ಲಿ ಹಿರಿಯರು ‘ಬದನಿಕೆಯನ್ನ ದುಡ್ಡು ಕೊಟ್ಟು ತಂದು ಮರಕ್ಕೆ ಹತ್ತಿಸ್ತೀಯಾ’ ಅಂತ ಬೈತಿದ್ದಾರೆ.

ಎಲೆಕಂಕುಳು

ಕೊನೆಯದನ್ನೇ ಮೊದಲು ಮುಗಿಸುತ್ತೇನೆ. ಬದನಿಕೆ ಮರದ ತೊಗಟೆಯೊಳಗೆ ಬೇರು ಇಳಿಸಿ ನೀರು, ಸಾರ ಎರಡನ್ನೂ ಹೀರುವ ಪರಾವಲಂಬಿ. ಟಿಲ್ಯಾಂಡ್ಸಿಯಾದ ಬೇರು ಹಿಡಿದುಕೊಳ್ಳಲು ಮಾತ್ರ. ಆಹಾರ, ನೀರು ಎಲ್ಲ ಎಲೆಯ ಮೇಲಿನ ಬಿಳಿ ಹೊಟ್ಟಿನಂಥ ಟ್ರೈಕೋಮ್‌ಗಳ ಮೂಲಕ. ನಮ್ಮ ಮರಗಳ ಮೇಲಿನ ಸೀತಾಳೆ ಹೂವಿನ ಗಿಡ ಮರಕ್ಕೆ ಎಷ್ಟು ತೊಂದರೆ ಕೊಡುತ್ತದೋ ಇದೂ ಅಷ್ಟೇ, ಅಂದರೆ ಏನೂ ಇಲ್ಲ. ಹಿರಿಯರಿಗೆ ಇದು ಅನಾನಸ್ ಕುಟುಂಬದ ಗಿಡ ಎಂದು ಹೇಳಿ ನೋಡಿ. ಈ ಕುಲ ಪೂರ್ತಿ ಅಮೆರಿಕ ಖಂಡಗಳದ್ದು, ಭಾರತದ ಕಾಡಿನಲ್ಲಿ ಒಂದೂ ಇಲ್ಲ. ಕೆಲವು ನರ್ಸರಿಗಳಲ್ಲಿ ಏರ್ ಪ್ಲಾಂಟ್ ಕೇಳಿದರೆ ಕಾಡುಬಸಳೆ ಎತ್ತಿ ಕೊಡುತ್ತಾರೆ, ಅದು ಬೇರೆಯದೇ ಗಿಡ.

ಈಗ ಹೆಸರುಗಳು. ಅಯೊನಾಂಥಾ ಪ್ರಭೇದವನ್ನು 1855ರಲ್ಲಿ ಫ್ರೆಂಚ್ ಸಸ್ಯಶಾಸ್ತ್ರಜ್ಞ ಪ್ಲಾಂಶೋನ್ ವರ್ಣಿಸಿದರು. ಮೆಕ್ಸಿಕೋದಿಂದ ಮಧ್ಯ ಅಮೆರಿಕದವರೆಗೆ ಮರಗಳ ಮೇಲೂ ಬಂಡೆಗಳ ಮೇಲೂ ಬೆಳೆಯುತ್ತದೆ. ಇಷ್ಟು ದೊಡ್ಡ ಹರವು ಇರುವುದರಿಂದ ಊರಿಗೊಂದು ರೂಪ. ಮೆಕ್ಸಿಕೋ, ಗ್ವಾಟೆಮಾಲಾ ಎರಡೂ ಸಸ್ಯಶಾಸ್ತ್ರದ ವೆರೈಟಿಗಳಲ್ಲ. ವ್ಯಾಪಾರಿಗಳು ಗಿಡ ಬಂದ ದಿಕ್ಕನ್ನು ನೋಡಿ ಕೊಟ್ಟ ಹೆಸರುಗಳು, ಎರಡೂ ಮೂಲ ವೆರೈಟಿಯಾದ ಅಯೊನಾಂಥಾ ವೆರೈಟಿ ಅಯೊನಾಂಥಾದೊಳಗೇ ಬರುತ್ತವೆ. ಮೆಕ್ಸಿಕೋ ರೂಪ ಗಿಡ್ಡ, ಎಲೆ ಗಟ್ಟಿ, ಬುಡ ಅಗಲ, ಒತ್ತೊತ್ತಾಗಿ ಮುಚ್ಚಿಕೊಂಡಿರುತ್ತದೆ. ಗ್ವಾಟೆಮಾಲಾ ರೂಪದ ಎಲೆ ಉದ್ದ, ಮೆತ್ತಗೆ, ಹೊರಕ್ಕೆ ಬಾಗುತ್ತದೆ. ಆದರೆ ಮೆಕ್ಸಿಕೋ ಗಿಡವನ್ನೇ ನೆರಳಲ್ಲಿಟ್ಟು ಗೊಬ್ಬರ ಜಾಸ್ತಿ ಹಾಕಿದರೆ ಒಂದೇ ವರ್ಷದಲ್ಲಿ ಗ್ವಾಟೆಮಾಲಾದಂತೆ ಸಡಿಲವಾಗಿ ಉದ್ದವಾಗುತ್ತದೆ. ಗಾತ್ರ ನೋಡಿ ತೀರ್ಮಾನ ಮಾಡಬಾರದು ಎನ್ನುವುದು ಅದಕ್ಕೇ.

ವ್ಯಾನ್‌ಹೈನಿಂಗಿ ನಿಜವಾದ ಸ್ವಾಭಾವಿಕ ವೆರೈಟಿ. 1957ರಲ್ಲಿ ಮಲ್ಫರ್ಡ್ ಫಾಸ್ಟರ್ ಹೆಸರಿಟ್ಟದ್ದು. ಮೆಕ್ಸಿಕೋದ ಚಿಯಾಪಾಸ್ ರಾಜ್ಯದ ಸುಣ್ಣಕಲ್ಲಿನ ಕಡಿದಾದ ಬಂಡೆಗೋಡೆಗಳ ಗಿಡ. ಈಚೆಗೆ ಪ್ರತ್ಯೇಕ ಪ್ರಭೇದ ಎಂದೇ ಎಣಿಸುವವರೂ ಇದ್ದಾರೆ. ಇದರ ಗುರುತು ಕಾಂಡ. ಉಳಿದ ಅಯೊನಾಂಥಾಗಳು ಕಾಂಡವೇ ಇಲ್ಲದಂತೆ ಕುಳಿತಿರುತ್ತವೆ. ಇದು ವರ್ಷ ಕಳೆದಂತೆ ಕಾಂಡ ಉದ್ದ ಮಾಡಿಕೊಂಡು, ದಪ್ಪ ತ್ರಿಕೋನಾಕಾರದ ಬೆಳ್ಳಿ ಎಲೆಗಳನ್ನು ಒಂದರ ಮೇಲೊಂದು ಪೇರಿಸುತ್ತಾ ಹೋಗುತ್ತದೆ. ಬೆಳವಣಿಗೆ ಬಹಳ ನಿಧಾನ, ಹೂವೂ ಅಪರೂಪ. ನಿಮ್ಮದು 4-5 ಸೆಂಟಿಮೀಟರಿನ ಮರಿಯಾಗಿದ್ದರೆ ಕಾಂಡ ಕಾಣುವುದಿಲ್ಲ, ಸುಳ್ಳು ಎಂದೂ ಹೇಳಲಾಗದು. ಎಲೆಯನ್ನು ಬೆರಳಲ್ಲಿ ಒತ್ತಿ ನೋಡಿ: ದಪ್ಪಗೆ, ಬಿರುಸಾಗಿ, ಒಳಮುಖ ಕಾಲುವೆಯಂತೆ ತಗ್ಗಿದ್ದರೆ ಆಸೆ ಇಟ್ಟುಕೊಳ್ಳಬಹುದು.

ಸ್ಕಾಪೋಸಾ 1941ರಲ್ಲಿ ಲೈಮನ್ ಸ್ಮಿತ್ ಅವರಿಂದ ಅಯೊನಾಂಥಾದ ವೆರೈಟಿ ಎಂದು ಹೆಸರು ಪಡೆದಿತ್ತು, ಈಗ ಬೇರೆ ಪ್ರಭೇದ. ಮಾರುಕಟ್ಟೆಯಲ್ಲಿ ಕೋಲ್ಬಿ ಎಂಬ ಹೆಸರಿನಲ್ಲೂ ಸಿಗುತ್ತದೆ. ಹೂ ಬಿಟ್ಟಾಗ ಅನುಮಾನವೇ ಉಳಿಯುವುದಿಲ್ಲ. ಅಯೊನಾಂಥಾದ ಹೂ ಎಲೆಗಳ ನಡುವಿನಿಂದ ನೇರ ಎದ್ದು ಬರುತ್ತದೆ, ಹೂದಂಟು ಕಾಣುವುದಿಲ್ಲ. ಸ್ಕಾಪೋಸಾದಲ್ಲಿ ಗಿಡ್ಡ ದಂಟಿನ ಮೇಲೆ ಹೂಗೊಂಚಲು ಎಲೆಗಳಿಗಿಂತ ಮೇಲಕ್ಕೆ ನಿಲ್ಲುತ್ತದೆ. ಹೂವಿಲ್ಲದಾಗಲೂ ಎಲೆ ತೆಳು, ಬೂದು, ಸಾಮಾನ್ಯವಾಗಿ ಒಂದೇ ಕಡೆಗೆ ವಾಲಿರುತ್ತದೆ. ನಿಮ್ಮ ಆರರಲ್ಲಿ ಈಗಲೇ ಗುರುತು ಸಿಗುವುದು ಇದೊಂದೇ ಇರಬೇಕು.

ಉಳಿದ ಸ್ವಾಭಾವಿಕ ವೆರೈಟಿಗಳಲ್ಲಿ ಸ್ಟ್ರಿಕ್ಟಾದ ಎಲೆ ಸಪೂರ, ನೆಟ್ಟಗೆ. ಮ್ಯಾಕ್ಸಿಮಾ ಮೆಕ್ಸಿಕೋದ ಒವಾಹಾಕಾ ರಾಜ್ಯದ ದೊಡ್ಡ ರೂಪ. ಹೆಸರು ಮಾತ್ರ ನೋಡಿ ಟಿಲ್ಯಾಂಡ್ಸಿಯಾ ಸ್ಟ್ರಿಕ್ಟಾ ಎಂಬ ಬೇರೆಯೇ ಪ್ರಭೇದದ ಜೊತೆ ಕಲಸಿಕೊಳ್ಳಬೇಡಿ, ಅದು ದಕ್ಷಿಣ ಅಮೆರಿಕದ್ದು.

ಫ್ಯೂಗೊ, ಡ್ರೂಯಿಡ್ ಎರಡೂ ಕಲ್ಟಿವಾರ್‌ಗಳು: ಯಾರೋ ಆರಿಸಿ, ಮರಿಗಳಿಂದಲೇ ಮುಂದುವರಿಸಿಕೊಂಡು ಬಂದ ಒಂದೊಂದು ಗಿಡದ ವಂಶ. ಫ್ಯೂಗೊ ಚಿಕ್ಕದು, ಎಲೆ ಸಪೂರ, ಒಳ್ಳೆ ಬೆಳಕಲ್ಲಿ ಹೂವಿಲ್ಲದೆಯೂ ಕೆಂಪಾಗುತ್ತದೆ, ನೆರಳಿಗೆ ತಂದರೆ ಮತ್ತೆ ಹಸಿರು. ಡ್ರೂಯಿಡ್‌ನ ಹೂ ಬಿಳಿ. ಹೂ ಬರುವಾಗ ಎಲೆ ಕೆಂಪಾಗದೆ ಹಳದಿಗೆ ತಿರುಗುತ್ತದೆ. ಸಾಮಾನ್ಯ ಅಯೊನಾಂಥಾದಲ್ಲಿ ನಡುವಿನ ಎಲೆ ಕೆಂಪಾಗಿ, ನೇರಳೆ ಕೊಳವೆಯಂಥ ಹೂ ಬಂದು, ತುದಿಯಲ್ಲಿ ಹಳದಿ ಪರಾಗಕೋಶ ಹೊರಗೆ ಚಾಚುತ್ತದೆ. ಡ್ರೂಯಿಡ್ ಎಂದು ಕೊಟ್ಟ ಗಿಡ ಕೆಂಪಾದರೆ ಲೇಬಲ್ ಕಿತ್ತು ಬಿಸಾಕಿ. ಬೀಜದಿಂದ ಬೆಳೆಸಿದ್ದನ್ನು ಡ್ರೂಯಿಡ್ ಎಂದು ಮಾರುವುದೂ ಸರಿಯಲ್ಲ, ಬೀಜದ ಗಿಡ ತಾಯಿಯಂತೆಯೇ ಇರಬೇಕೆಂದಿಲ್ಲ.

ಸೀತಾಳೆದಂಡೆ

ಹೆಸರಿನ ವಿಷಯ ಮೇಲಿನವರು ಹೇಳಿ ಆಯ್ತು. ಕೊಳೆಯೋ ವಿಷಯಕ್ಕೆ ಬರ್ತೀನಿ, ಕೊಡಗಲ್ಲಿ ಈ ಗಿಡ ನೀರಿಲ್ಲದೆ ಸಾಯೋದು ಕಡಿಮೆ, ಒಣಗದೆ ಸಾಯೋದೇ ಜಾಸ್ತಿ.

ಕಾರಣ ಇದು. ಈ ಗಿಡ ಹಗಲು ಪತ್ರರಂಧ್ರ ಮುಚ್ಚಿಕೊಂಡು, ರಾತ್ರಿ ತೆರೆದು ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುತ್ತೆ. ಟ್ರೈಕೋಮ್ ಒದ್ದೆ ಇದ್ದಾಗ ಎಲೆ ಮೇಲೆ ನೀರಿನ ಪದರ ಕೂತಿರುತ್ತೆ, ಗಾಳಿ ಒಳಗೆ ಹೋಗಲ್ಲ. ರಾತ್ರಿಯಿಡೀ ಒದ್ದೆ ಇದ್ದರೆ ಗಿಡಕ್ಕೆ ಆವತ್ತು ಊಟ ಇಲ್ಲ. ಅದರ ಮೇಲೆ ಎಲೆ ಬುಡದ ಸಂದಿಯಲ್ಲಿ ನೀರು ನಿಂತು ಬೂಷ್ಟು, ಬ್ಯಾಕ್ಟೀರಿಯಾ ಸೇರಿ ನಡು ಕೊಳೆಯುತ್ತೆ. ಹಾಗಾಗಿ ನೀರು ಬೆಳಿಗ್ಗೆಯೇ ಕೊಡಬೇಕು, ನಾಲ್ಕು ತಾಸಿನೊಳಗೆ ಪೂರ್ತಿ ಒಣಗಬೇಕು. ಸಂಜೆ ಪಂಪು ಹಿಡಿದು ಸ್ಪ್ರೇ ಮಾಡೋದು ಬಿಟ್ಟುಬಿಡಿ.

ಗ್ವಾಟೆಮಾಲಾ ಗಿಡ ಪೂರ್ತಿ ಕೈಬಿಡಬೇಡಿ. ಸಡಿಲವಾದ ಎಲೆಯೆಲ್ಲ ಕಿತ್ತು ತೆಗೀರಿ, ಗಟ್ಟಿ ಬಿಳಿ ಭಾಗ ಸಿಗೋ ತನಕ. ತಲೆಕೆಳಗೆ ಹಿಡಿದು ಜೋರಾಗಿ ಕೊಡವಿ, ಫ್ಯಾನ್ ಕೆಳಗೆ ಒಂದು ದಿನ ಮಲಗಿಸಿ. ಒಂದು ವಾರ ನೀರು ಬೇಡ. ನಡು ಹೋದ್ರೂ ಬುಡದ ಪಕ್ಕದ ಮೊಗ್ಗು ಬದುಕಿದ್ರೆ ಎರಡು ಮೂರು ತಿಂಗಳಲ್ಲಿ ಮರಿ ಬರುತ್ತೆ. ಬುಡಾನೇ ಕಪ್ಪಾಗಿ ವಾಸನೆ ಬಂದ್ರೆ ಮಾತ್ರ ಎಸೀರಿ. ಎಲ್ಲಕ್ಕೂ ಕೆಳಗಿನ ಒಂದೆರಡು ಎಲೆ ಒಣಗಿ ಹುಲ್ಲಿನಂತಾಗಿದ್ರೆ ಅದು ರೋಗ ಅಲ್ಲ, ಹಳೆ ಎಲೆ. ಎಲೆ ಒಳಕ್ಕೆ ಸುರುಳಿ ಸುತ್ತಿ ತೂಕ ಕಡಿಮೆಯಾದ್ರೆ ನೀರು ಸಾಲ್ತಿಲ್ಲ ಅಂತ.

ಡಿಸೆಂಬರಿಂದ ಮೇ ತನಕ ವಾರಕ್ಕೊಮ್ಮೆ ಬಕೆಟ್ಟಲ್ಲಿ 20-30 ನಿಮಿಷ ಮುಳುಗಿಸಿ, ತಲೆಕೆಳಗೆ ಕೊಡವಿ. ಕುಶಾಲನಗರ ಕಡೆ ಬಿಸಿಲು, ಒಣಗಾಳಿ ಜಾಸ್ತಿ, ಏಪ್ರಿಲ್‌ನಲ್ಲಿ ವಾರಕ್ಕೆರಡು ಸಲ ಬೇಕಾಗುತ್ತೆ. ವ್ಯಾನ್‌ಹೈನಿಂಗಿಯನ್ನ ಮುಳುಗಿಸೋಕೆ ಹೋಗ್ಬೇಡಿ. ಅದರ ದಪ್ಪ ಎಲೆ ಸಂದಿಯಲ್ಲಿ ನೀರು ಸಿಕ್ಕಿಕೊಂಡ್ರೆ ಹೊರಗೆ ಬರೋದು ಕಷ್ಟ, ಮೇಲಿಂದ ಸುರಿದು ಬಿಟ್ರೆ ಸಾಕು. ಸ್ಕಾಪೋಸಾ ತಂಪು ಗುಡ್ಡದ ಗಿಡ, ಮಡಿಕೇರಿ ಹವೆ ಇಷ್ಟ ಪಡುತ್ತೆ, ಎಲೆ ತೆಳು ಇರೋದರಿಂದ ಬೇಗ ಒಣಗುತ್ತೆ ಕೂಡ.

ಜೂನ್‌ನಿಂದ ಸೆಪ್ಟೆಂಬರ್ ಪೂರ್ತಿ ಸೂರಿನ ಕೆಳಗೆ. ಮುಳುಗಿಸೋದು ನಿಲ್ಲಿಸಿ, ಮಂಜಿನ ತೇವವೇ ಬೇಕಾದಷ್ಟು ಆಗುತ್ತೆ. ನಿಮ್ಮ ಪಡುವಣ ಜಗಲಿ ಮಳೆಗಾಲಕ್ಕೆ ಆಗೋ ಜಾಗ ಅಲ್ಲ, ಗಾಳಿ ಆ ಕಡೆಯಿಂದಲೇ ಬರೋದು, ಎರಚಲು ಒಳಗಿನ ಗೋಡೆ ತನಕ ಹೊಡೆಯುತ್ತೆ. ಮೂಡಣ ಕಡೆಗೆ ಸರಿಸಿ, ಮೋಡ ಬಿಟ್ಟ ಹೊತ್ತಲ್ಲಾದ್ರೂ ಬೆಳಗಿನ ಬಿಸಿಲು ಸಿಗುತ್ತೆ. ಮೂರು ನಾಲ್ಕು ದಿನ ಬಿಡದೆ ಮಂಜು ಕವಿದಾಗ ಸಣ್ಣ ಟೇಬಲ್ ಫ್ಯಾನ್ ಹಗಲು ಮೂರ್ನಾಲ್ಕು ತಾಸು, ಗಿಡಕ್ಕೆ ನೇರ ಹೊಡೆಯದಂತೆ ಪಕ್ಕದಿಂದ. ಕರೆಂಟ್ ಹೋಗೋದು ಗೊತ್ತಿದ್ದದ್ದೇ, ಅದಕ್ಕೇ ಗಿಡಗಳನ್ನ ಅಡ್ಡಲಾಗಿ ಅಥವಾ ತಲೆಕೆಳಗಾಗಿ ತೂಗುಹಾಕಿಬಿಡಿ. ನೀರು ನಡುವಿನಲ್ಲಿ ನಿಲ್ಲೋ ಪ್ರಶ್ನೆಯೇ ಬರಲ್ಲ. ಬಂಡೆಗೋಡೆಯಲ್ಲಿ ಅವು ಹೇಗಿದ್ರೂ ಅಡ್ಡಡ್ಡವೇ ಬೆಳೆಯೋದು.

ಬುಡಕ್ಕೆ ಪಾಚಿ, ತೆಂಗಿನ ನಾರಿನ ಪುಡಿ, ಇದ್ದಿಲು ಏನೂ ಇಡಬೇಡಿ. ಗಾಜಿನ ಗೋಲದೊಳಗೆ ಇಟ್ಟು ಮಾರ್ತಾರಲ್ಲ, ಅದು ಫೋಟೋಕ್ಕೆ ಚೆನ್ನ. ಮಡಿಕೇರಿಯಲ್ಲಿ ಆ ಗೋಲದ ಒಳಗೆ ಹನಿ ಕಟ್ಟಿ ಜುಲೈ ಮುಗಿಯೋದ್ರೊಳಗೆ ಗಿಡ ಸಾರು.

ಚಳಿಗಾಲದ ರಾತ್ರಿ 10 ಡಿಗ್ರಿಗೆ ಇಳಿದ್ರೂ ತೊಂದ್ರೆ ಇಲ್ಲ, ಒಣಗಿರಬೇಕು ಅಷ್ಟೇ.

ನೀರು: ಮಳೆನೀರು ಎಲ್ಲಕ್ಕಿಂತ ಒಳ್ಳೇದು. ಬೋರ್‌ವೆಲ್ ನೀರು ಗಡಸಾಗಿದ್ರೆ ಎಲೆ ಮೇಲೆ ಬಿಳಿ ಉಪ್ಪು ಕೂತು ಟ್ರೈಕೋಮ್ ಮುಚ್ಚುತ್ತೆ. ಮತ್ತೆ ದಯವಿಟ್ಟು ಬಚ್ಚಲ ಮನೆಯ ತಾಮ್ರದ ಹಂಡೆಯಲ್ಲಿ ನೆನೆಸಬೇಡಿ. ಈ ಗಿಡಕ್ಕೆ ತಾಮ್ರ ವಿಷ. ಪ್ಲಾಸ್ಟಿಕ್ ಬಕೆಟ್ ಸಾಕು.

ಗೊಬ್ಬರ ಬೇಕೇ ಬೇಕು ಅಂದ್ರೆ 19:19:19 ನೀರಲ್ಲಿ ಕರಗೋದು, ಲೀಟರಿಗೆ ಅರ್ಧ ಗ್ರಾಂ, ತಿಂಗಳಿಗೊಮ್ಮೆ, ಅಕ್ಟೋಬರ್‌ನಿಂದ ಮೇ ತನಕ ಮಾತ್ರ. ಸೂಕ್ಷ್ಮ ಪೋಷಕಾಂಶದ ಮಿಶ್ರಣ ಬೇಡ, ಅದರಲ್ಲಿ ತಾಮ್ರ ಇರುತ್ತೆ. ಹಿಟ್ಟು ತಿಗಣೆ ಬಂದ್ರೆ ಹತ್ತಿಯಲ್ಲಿ ಸರ್ಜಿಕಲ್ ಸ್ಪಿರಿಟ್ ಅದ್ದಿ ಒರೆಸಿ. ಬೇವಿನೆಣ್ಣೆ ಹೊಡೀಬೇಡಿ, ಎಣ್ಣೆ ಎಲೆಯ ಉಸಿರು ಕಟ್ಟಿಸುತ್ತೆ.

ಕಣದಮನೆ

ಸಿಲ್ವರ್ ಓಕ್‌ಗೆ ಕಟ್ಟಬೇಡಿ. ಮರಕ್ಕೆ ಏನೂ ಆಗಲ್ಲ, ಗಿಡಕ್ಕೆ ಆಗುತ್ತೆ. ಆ ಮರದ ಮೇಲೆ ಮೆಣಸಿನ ಬಳ್ಳಿ ಇದ್ದೇ ಇರುತ್ತೆ, ಇಲ್ಲಾಂದ್ರೆ ಕೆಳಗೆ ಕಾಫಿ. ಎರಡಕ್ಕೂ ಮುಂಗಾರಿಗೆ ಮೊದಲು ಬೋರ್ಡೋ ಹೊಡೀತೀವಿ, ಮೈಲುತುತ್ತ, ಸುಣ್ಣ ಸೇರಿಸಿದ ಶಿಲೀಂಧ್ರನಾಶಕ ದ್ರಾವಣ ಅದು. ಕಾಫಿಗೆ ಅರ್ಧ ಪರ್ಸೆಂಟ್, ಅಂದ್ರೆ 100 ಲೀಟರಿಗೆ ಮೈಲುತುತ್ತ ಅರ್ಧ ಕೆಜಿ, ಸುಣ್ಣ ಅರ್ಧ ಕೆಜಿ. ಮೆಣಸಿಗೆ ಒಂದು ಪರ್ಸೆಂಟ್, ತಲಾ ಒಂದು ಕೆಜಿ. ಮೈಲುತುತ್ತ ಅಂದ್ರೆ ತಾಮ್ರದ ಸಲ್ಫೇಟ್. ಮೇಲಿನವರು ಹಂಡೆ ಬೇಡ ಅಂದ್ರು, ಇದು ಹಂಡೆಗಿಂತ ಎಷ್ಟೋ ಪಾಲು ಗಟ್ಟಿ.

ಅಮೆರಿಕದ ಟೆಕ್ಸಾಸ್ ಕಡೆ ಓಕ್ ಮರದ ಮೇಲೆ ಬಾಲ್ ಮಾಸ್ ಅಂತ ಗುಪ್ಪೆ ಗುಪ್ಪೆಯಾಗಿ ಬೆಳೆಯುತ್ತೆ, ಅದೂ ಟಿಲ್ಯಾಂಡ್ಸಿಯಾನೇ, ರಿಕರ್ವಾಟಾ. ಅದು ಬೇಡ ಅನ್ನೋರು ಅದನ್ನ ಸಾಯಿಸೋಕೆ ಹೊಡೆಯೋದು ತಾಮ್ರದ ಹೈಡ್ರಾಕ್ಸೈಡ್. ಅವರ ಔಷಧಿ, ನಿಮ್ಮ ವಿಷ.

ಸ್ಪ್ರೇ ದಿನ ಬಿಚ್ಚಿ ಒಳಗಿಟ್ಟು ಮಾರನೇ ದಿನ ವಾಪಸ್ ಕಟ್ಟಿದ್ರೆ ಆಯ್ತಲ್ಲ ಅಂತ ಕೇಳ್ಬಹುದು. ಆಗಲ್ಲ. ಬೋರ್ಡೋದ ಗುಣವೇ ಅಂಟಿಕೊಂಡು ಕೂರೋದು. ತೊಗಟೆಯ ಬಿರುಕಲ್ಲಿ ಕೂತ ನೀಲಿ ಪುಡಿ ಪ್ರತಿ ಮಳೆಗೂ ಸ್ವಲ್ಪ ಸ್ವಲ್ಪ ಕರಗಿ ಕಾಂಡದ ಮೇಲೆ ಇಳಿಯುತ್ತೆ, ನಿಮ್ಮ ಗಿಡ ಆ ಹರಿವಿನ ದಾರಿಯಲ್ಲೇ ಇರುತ್ತೆ. ಕಾಪರ್ ಆಕ್ಸಿಕ್ಲೋರೈಡ್ ಬಳಸೋ ತೋಟಕ್ಕೂ ಇದೇ ಮಾತು. ಸುಣ್ಣ ಕಡಿಮೆ ಬಿದ್ದ ಮಿಶ್ರಣ ಆದ್ರೆ ಇನ್ನೂ ಕೆಟ್ಟದ್ದು, ಬಿಡಿ ತಾಮ್ರ ಜಾಸ್ತಿ. ಕಬ್ಬಿಣದ ಚಾಕು ಅದ್ದಿ ಕೆಂಪು ಕೂತ್ರೆ ಸುಣ್ಣ ಸಾಲ್ತಿಲ್ಲ ಅಂತ ತೋಟದವರಿಗೆಲ್ಲ ಗೊತ್ತು.

ತಾಮ್ರದ ಏಟಿಗೂ ಕೊಳೆತಕ್ಕೂ ವ್ಯತ್ಯಾಸ ಹೀಗೆ ನೋಡಿ. ಕೊಳೆತ ಬುಡದಿಂದ, ಒದ್ದೆಯಾಗಿ, ಎಲೆ ಕೈಗೆ ಬರುತ್ತೆ. ತಾಮ್ರ ತಾಗಿದ್ರೆ ಬುಡ ಗಟ್ಟಿಯಾಗೇ ಇರುತ್ತೆ, ತುದಿಯಿಂದ ಕಲೆ ಕಲೆಯಾಗಿ ಒಣಗಿಕೊಂಡು ಬರುತ್ತೆ, ನೀರು ಎಷ್ಟು ಕೊಟ್ರೂ ಎಲೆ ತುಂಬಿಕೊಳ್ಳಲ್ಲ. ಗಾಳಿಗೆ ಹಾರಿ ಬಂದ ತುಂತುರು ಬಿದ್ದದ್ದು ಆಗಲೇ ಕಂಡ್ರೆ ಮಳೆನೀರಲ್ಲಿ ನಾಲ್ಕೈದು ಸಲ ಜಾಲಾಡಿಸಿ. ಒಣಗಿದ ಮೇಲೆ ತೊಳೆದು ದೊಡ್ಡ ಪ್ರಯೋಜನ ಇಲ್ಲ.

ಇನ್ನೊಂದು ಇದೆ, ಯಾರೂ ಹೇಳಲ್ಲ. ಕಿತ್ತ ಕಾಫಿ ಗಿಡದ ಬುಡವನ್ನ ಚೆಂದ ಅಂತ ಏರ್ ಪ್ಲಾಂಟ್ ಕೂರಿಸೋಕೆ ಬಳಸ್ತಾರೆ. ಅದು ವರ್ಷಾನುವರ್ಷ ಬೋರ್ಡೋ ಕುಡಿದ ಮರ. ತೊಗಟೆ ಪೂರ್ತಿ ಸುಲಿದು, ಕೆತ್ತಿ, ಒಳಗಿನ ಹಳದಿ ಮರ ಮಾತ್ರ ಉಳಿಸಿ, ಎರಡು ಮಳೆಗೆ ಹೊರಗಿಟ್ಟು ಆಮೇಲೆ ಬಳಸಿ. ಬಿಳಿ ಕಾಂಡಕೊರಕ ಹೊಕ್ಕ ಬುಡ ಆದ್ರೆ ಅಲಂಕಾರಕ್ಕೆ ಬೇಡ, ಸುಡಬೇಕಾದ್ದು ಅದು. ಹಸಿರು ಛಾಯೆ ಇರೋ ಔಷಧಿ ಹಾಕಿದ ಬೇಲಿ ಕಂಬದ ಮರವೂ ಬೇಡ, ಅದರಲ್ಲೂ ತಾಮ್ರ ಇರುತ್ತೆ.

ಮರಕ್ಕೇ ಕಟ್ಟೋ ಆಸೆ ಇದ್ರೆ ಅಂಗಳದ ಮಾವು, ಹಲಸು, ಸಂಪಿಗೆ ನೋಡಿ, ಸ್ಪ್ರೇ ತಾಗದ ದೂರದಲ್ಲಿ. ಸೀಬೆ, ನೀಲಗಿರಿ ಬೇಡ, ತೊಗಟೆ ಸುಲಿದು ಉದುರುತ್ತೆ, ಅದರ ಜೊತೆ ನಿಮ್ಮ ಗಿಡಾನೂ. ಅದೂ ಅಕ್ಟೋಬರ್‌ನಲ್ಲಿ ಕಟ್ಟಿ, ಬೇರು ಹಿಡಿಯೋಕೆ ಒಣ ತಿಂಗಳುಗಳು ಸಿಗ್ತವೆ. ಮೀನು ಹಿಡಿಯೋ ನೈಲಾನ್ ದಾರ ಎರಡು ಸುತ್ತು, ಕೆಳಗಿನ ಎಲೆಗಳ ಮೇಲೆ ಮಾತ್ರ. ತಾಮ್ರದ ತಂತಿ ಬೇಡ ಅಂತ ಮತ್ತೆ ಹೇಳಬೇಕಿಲ್ಲ. ಮಳೆ ಬಡಿಯೋ ಮಗ್ಗುಲು ಬಿಟ್ಟು ಮೂಡಣ ಮಗ್ಗುಲಿಗೆ, ಓರೆಯಾದ ಕೊಂಬೆಯ ಅಡಿಭಾಗಕ್ಕೆ. ಕಪಾತಿಗೆ (ಕೊಂಬೆ ಸವರೋಕೆ) ಬರೋರಿಗೆ ಮೊದಲೇ ತೋರಿಸಿಡಿ, ಇಲ್ಲಾಂದ್ರೆ ಬದನಿಕೆ ಅಂತ ಕತ್ತಿ ಹಾಕಿ ಬಿಡ್ತಾರೆ.

ತೋಟದಬದಿ

ಇಷ್ಟೊಂದು ವಿವರಕ್ಕೆ ತುಂಬಾ ಥ್ಯಾಂಕ್ಸ್. ಸ್ಕಾಪೋಸಾ ನಿಜಕ್ಕೂ ಒಂದು ಕಡೆ ವಾಲಿದೆ, ವ್ಯಾನ್‌ಹೈನಿಂಗಿ ಎಲೆ ದಪ್ಪ ಇದೆ. ಡ್ರೂಯಿಡ್ ಮೇಲೆ ಅನುಮಾನ. ಸೇಬು ಹಣ್ಣಿನ ಜೊತೆ ಕವರಲ್ಲಿ ಇಟ್ಟರೆ ಬೇಗ ಹೂ ಬರುತ್ತೆ ಅಂತ ಓದಿದೆ, ಮಾಡಿ ನೋಡಬಹುದಾ? ಮತ್ತೆ ಫ್ಯೂಗೊ ಆಗಲೇ ಹತ್ತು ತಲೆಯ ಗೊಂಚಲು, ಬಿಡಿಸಬೇಕಾ?

ಎಲೆಕಂಕುಳು

ಹಣ್ಣಾದ ಸೇಬು, ಬಾಳೆ ಬಿಡುವ ಎಥಿಲೀನ್ ಅನಿಲ ಹೂ ಬರಿಸುತ್ತದೆ, ಅನಾನಸ್ ತೋಟದಲ್ಲಿ ಎಥ್ರೆಲ್ (ಎಥಿಲೀನ್ ಬಿಡುವ ದ್ರಾವಣ) ಹಾಕುವುದೂ ಇದೇ ತತ್ವ. ಆದರೆ ಎರಡು ವಿಷಯ. ಗಿಡ ಪೂರ್ತಿ ಬಲಿತಿದ್ದರೆ ಮಾತ್ರ ಫಲ. ಒಂದು ತಲೆ ಒಮ್ಮೆ ಹೂ ಬಿಟ್ಟರೆ ಅದರ ಬೆಳವಣಿಗೆ ಅಲ್ಲಿಗೆ ಮುಗಿಯಿತು, ಮುಂದೆ ಮರಿಗಳೇ. ಎಳೆಯ ಗಿಡಕ್ಕೆ ಬಲವಂತ ಮಾಡಿದರೆ ಬಡಕಲು ಹೂ, ಬಡಕಲು ಮರಿ. ಮಾಡಲೇಬೇಕೆಂದರೆ ಜನವರಿ, ಫೆಬ್ರುವರಿಯ ಒಣ ಹವೆಯಲ್ಲಿ. ಗಿಡ ಪೂರ್ತಿ ಒಣಗಿದ ಮೇಲೆ ಕವರಿಗೆ ಹಾಕಿ, ಹಣ್ಣು ತಾಗದಂತೆ ಇಟ್ಟು, ನೆರಳಲ್ಲಿ ನಾಲ್ಕೈದು ದಿನ. ಮೊಗ್ಗು ಕಾಣಲು ತಿಂಗಳುಗಳೇ ಬೇಕಾಗಬಹುದು. ಮಳೆಗಾಲದಲ್ಲಿ ಕಟ್ಟಿದ ಕವರ್ ಅಂದರೆ ಕೊಳೆಯಲು ಕೊಟ್ಟ ಆಹ್ವಾನ. ಡ್ರೂಯಿಡ್ ತಾನಾಗಿ ಹೂ ಬಿಡುವ ತನಕ ಲೇಬಲ್ ಪಕ್ಕ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿಡಿ.

ಸೀತಾಳೆದಂಡೆ

ಗೊಂಚಲು ನೋಡೋಕೆ ಚೆಂದ, ನಮ್ಮ ಮಳೆಗೆ ಆಗಲ್ಲ. ನಡುವಿನ ತಲೆಗಳು ಒಣಗೋದೇ ಇಲ್ಲ, ಕೊಳೆತ ಒಳಗಿಂದ ಶುರುವಾಗಿ ಹೊರಗೆ ಕಾಣೋ ಹೊತ್ತಿಗೆ ಅರ್ಧ ಹೋಗಿರುತ್ತೆ. ಮೇ ಮೂರನೇ ವಾರದೊಳಗೆ ನಾಲ್ಕು ನಾಲ್ಕು ತಲೆಗೆ ಬಿಡಿಸಿ. ತಾಯಿಯ ಅರ್ಧದಷ್ಟು, ಕಡಿಮೆ ಅಂದ್ರೆ ಮೂರನೇ ಒಂದು ಪಾಲು ಬೆಳೆದ ಮರಿಗಳನ್ನಷ್ಟೇ ಬೇರೆ ಮಾಡಿ. ಬುಡ ಹಿಡಿದು ಕೆಳಕ್ಕೆ, ಪಕ್ಕಕ್ಕೆ ಮೆಲ್ಲಗೆ ತಿರುಚಿದ್ರೆ ತಾನೇ ಬಿಡುತ್ತೆ, ಎಲೆ ಹಿಡಿದು ಎಳೀಬೇಡಿ. ಬಿಡದಿದ್ರೆ ಬ್ಲೇಡ್ ಸ್ಪಿರಿಟ್ಟಲ್ಲಿ ಒರೆಸಿ ಕತ್ತರಿಸಿ. ಗಾಯ ಒಣಗೋ ತನಕ ಎರಡು ಮೂರು ದಿನ ನೀರು ಬೇಡ. ಚಿಕ್ಕ ಮರಿಗಳಿದ್ರೆ ತಾಯಿ ಜೊತೆಗೇ ಇರಲಿ, ಮುಂದಿನ ವರ್ಷ ನೋಡ್ಕೊಳ್ಳಿ.

ಕಣದಮನೆ

ಬಿಡಿಸಿದ ಮೇಲೆ ಹೆಸರು ಕಲಸಿಹೋಗುತ್ತೆ. ಪ್ಲಾಸ್ಟಿಕ್ ಚೀಟಿಗೆ ಪೆನ್ಸಿಲ್‌ನಲ್ಲಿ ಬರೆದು ನೈಲಾನ್ ದಾರಕ್ಕೇ ಸಿಕ್ಕಿಸಿ. ಮಾರ್ಕರ್ ಪೆನ್ ಒಂದೇ ಮಳೆಗಾಲಕ್ಕೆ ಅಳಿಸಿ ಹೋಗುತ್ತೆ, ಪೆನ್ಸಿಲ್ ಹೋಗಲ್ಲ. ತೂಗುಹಾಕೋಕೆ ಜಾಲರಿ ತರೋದಾದ್ರೆ ಪ್ಲಾಸ್ಟಿಕ್ ಕೋಟಿಂಗ್ ಇರೋದು ಅಥವಾ ಸ್ಟೇನ್‌ಲೆಸ್ ಸ್ಟೀಲ್ ತಗೊಳ್ಳಿ. ಬರೀ ಜಿಂಕ್ ಲೇಪದ್ದು ಹೊಸದರಲ್ಲಿ ಸತು ಬಿಡುತ್ತೆ, ತಾಮ್ರದಷ್ಟು ಅಲ್ಲದಿದ್ರೂ ಒಳ್ಳೇದಲ್ಲ.